ಕೊಬ್ಬರಿ ಮಂಡಿಯ ತಕ್ಕಡಿ

ಗುಬ್ಬಿ ಬಸ್‌ಸ್ಟ್ಯಾಂಡ್ ಎದುರಿನ ಎಸ್‌ಟಿಡಿ ಬೂತಿನ ಸಿದ್ದಗಂಗಯ್ಯನಿಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಎಡಗಾಲು ಸೊರಗಿತ್ತು. ಆದರೂ ಕಾಲಿಗೆ ಆಸರೆಯ ಕಬ್ಬಿಣದ ಪಟ್ಟಿ, ಅದೇ ಕ್ಯಾಲಿಪರ್, ಕಟ್ಟಿಕೊಂಡು, ಕೋಲು ಊರಿಕೊಂಡು ಊರೆಲ್ಲ ಸುತ್ತುತ್ತಿದ್ದ ಆಸಾಮಿ. ಪಕ್ಕದ ಸೈಕಲ್ ಶಾಪು ನನ್ನದು. ಕ್ಯಾಲಿಪರಿನ ಸ್ಕ್ರೂ ಬಿಗಿ ಮಾಡಿಕೊಡುತ್ತಿದ್ದವನೂ ನಾನೇ.

ತೊಂಬತ್ತಮೂರರಲ್ಲಿ ಅಂಗವಿಕಲರ ಕೋಟಾದಲ್ಲಿ ಬೂತು ಸಿಕ್ಕಿತು. ಅಲ್ಲಿಂದ ಬೆಳಿಗ್ಗೆಯಿಂದ ರಾತ್ರಿವರೆಗೆ ಕುರ್ಚಿಯೇ ಗತಿಯಾಯಿತು. ಅದರ ಮೇಲೆ ಊರವರ ಕನಿಕರ ಬೇರೆ. ಗೃಹಪ್ರವೇಶವಿರಲಿ, ನಾಮಕರಣವಿರಲಿ, ಪಂಕ್ತಿಯಲ್ಲಿ ಕೂರೋದು ಕಷ್ಟ ಅಂತ ಅವನ ಊಟ ಡಬ್ಬಿಯಲ್ಲಿ ಬರುತ್ತಿತ್ತು, ಅದೂ ಇಬ್ಬರಿಗಾಗುವಷ್ಟು. ತಾಯಿ ಶಕುಂತಲಮ್ಮನಂತೂ ಕಾಲಿಗೆ ಬಲ ಬರಲಿ ಅಂತ ಮುದ್ದೆಯ ಮೇಲೆ ತುಪ್ಪ ಸುರಿಯುತ್ತಿದ್ದರು. ನೀರಿನ ಚೊಂಬನ್ನೂ ಮಗ ಎತ್ತುವಂತಿರಲಿಲ್ಲ. ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಕಾಲು ಸೋತರೆ ಇಡೀ ಮನುಷ್ಯನೇ ಸೋತ ಅಂತ ಇವರಿಗೆ ಹೇಳಿಕೊಟ್ಟವರು ಯಾರು?

ಎರಡು ಸಾವಿರದ ಇಸವಿ ಹೊತ್ತಿಗೆ ಕ್ಯಾಲಿಪರಿನ ತೊಡೆಯ ಬೆಲ್ಟು, ನಾನೆಷ್ಟು ಎಳೆದರೂ, ಕೊನೆಯ ತೂತಿಗೂ ಬರಲಿಲ್ಲ. ಅದಿಲ್ಲದೆ ಅವನು ನಡೆಯುವಂತಿಲ್ಲ. ತುಮಕೂರಿನ ಡಾಕ್ಟರು ದೊಡ್ಡ ಅಳತೆಯದು ಕೊಡಲು ಒಪ್ಪಲಿಲ್ಲ. ಈ ಭಾರಕ್ಕೆ ಒಳ್ಳೆಯ ಕಾಲೂ ಹೋಗುತ್ತದೆ, ತೂಕ ಇಳಿಸದಿದ್ದರೆ ಮುಂದೆ ವೀಲ್‌ಚೇರೇ ಅಂದರು. ತೂಕ ಎಷ್ಟು ಅಂತ ಮಾತ್ರ ಅವರಿಗೂ ಗೊತ್ತಾಗಲಿಲ್ಲ. ಅಲ್ಲಿನ ಮಿಷನ್ ಮೇಲೆ ಏನನ್ನೂ ಹಿಡಿಯದೆ ನಿಲ್ಲಬೇಕು, ಇವನಿಗೆ ಅದು ಆಗದು. ಅಂದಾಜಿಗೆ ಏನೋ ಬರೆದು ಕಳಿಸಿದರು.

ವಾಪಸು ಬಂದವನನ್ನು ನಾನು ನೇರ ರೇವಣಸಿದ್ದಯ್ಯನವರ ಕೊಬ್ಬರಿ ಮಂಡಿಗೆ ಕರೆದೊಯ್ದೆ. ಚೀಲ ತೂಗುವ ತಕ್ಕಡಿಯ ಮೇಲೆ ಕುರ್ಚಿ ಸಮೇತ ಕೂರಿಸಿ ತೂಗಿ, ಖಾಲಿ ಚೀಲದ ತೂಕ ಕಳೆಯುವ ಹಾಗೆ ಕುರ್ಚಿಯದನ್ನು ಕಳೆದರು. ನೂರಾ ನಾಲ್ಕು ಕೆಜಿ. ಹಮಾಲಿಗಳು ನಕ್ಕರು. ಕೊಬ್ಬರಿಯಾಗಿದ್ದರೆ ಒಳ್ಳೆ ರೇಟು ಸಿಗುತ್ತಿತ್ತು ಅಂತ ಅವನೂ ನಕ್ಕ. ಆಟೋ ಹತ್ತಿದ ಮೇಲೆ ಮನೆ ಬರುವವರೆಗೂ ಅತ್ತ.

ಊಟಕ್ಕೆ ಕೂತಾಗ ತಾಯಿಗೆ ಹೇಳಿದ: "ಅರ್ಧ ಮುದ್ದೆ ಸಾಕು ಕಣವ್ವ. ನನ್ ಕೆಲ್ಸ ನಾನೇ ಮಾಡ್ಕೋತೀನಿ ಬುಡು."

ಬೆಳೆದ ಗಂಡಸಿಗೆ ಅರ್ಧ ಮುದ್ದೆ ಬಡಿಸೋದೆ? ಶಕುಂತಲಮ್ಮ ಮುನಿಸಿಕೊಂಡು ಮಾತು ಬಿಟ್ಟರು. ಬೂತಿಗೆ ಡಬ್ಬಿ ತಂದವರನ್ನು ನಾನು ವಾಪಸು ಕಳಿಸಿ ಊರಿಗೆಲ್ಲ ನಿಷ್ಠುರನಾದೆ. ಅವನು ದಿನಾ ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಸೈಕಲ್‌ನಲ್ಲಿ ಕೆರೆ ಏರಿವರೆಗೆ ಹೋಗಿ ಬರುತ್ತಿದ್ದ. ಆಗಾಗ ಮಂಡಿಗೆ ಹೋಗಿ ತೂಗಿಸಿಕೊಳ್ಳುತ್ತಿದ್ದ.

ಮುಂದಿನ ವರ್ಷದ ಯುಗಾದಿ ಕಳೆದ ಮೇಲೆ ಬೆಲ್ಟು ಕೊನೆಯ ತೂತಿಗೆ ಬಂತು. ಅವತ್ತು ಅವರ ಮನೆಯಲ್ಲೇ ಕೂತಿದ್ದೆ. ಒಂದು ಕೈಲಿ ಕೋಲು ಊರಿಕೊಂಡು ಅಡುಗೆಮನೆಗೆ ನಡೆದು ಹೋದವನು ಚೊಂಬಿನಲ್ಲಿ ನೀರು ತರುತ್ತಿದ್ದ. ಹೊಸಿಲ ಹತ್ತಿರ ಚೊಂಬು ಕೈಜಾರಿ ನೀರೆಲ್ಲ ಚೆಲ್ಲಿತು. ನಾನು ಗಡಬಡಿಸಿ ಎದ್ದೆ. ಶಕುಂತಲಮ್ಮ ನನ್ನ ಅಂಗಿ ಹಿಡಿದು ಕೂರಿಸಿದರು. ಕಣ್ಣಲ್ಲಿ ನೀರಾಡುತ್ತಿತ್ತು.

"ಕೂತ್ಕೊಳಪ್ಪ. ಅವ್ನೇ ತರ್ತಾನೆ."

ಅವನು ಇನ್ನೊಂದು ಚೊಂಬು ತುಂಬಿಸಿಕೊಂಡು ಬಂದು, ಮೊದಲು ತಾಯಿಗೆ ಕುಡಿಯಲು ಕೊಟ್ಟ.