ನನ್ನ ಕಣ್ಣಿಗೆ ಸಿಡಿಯದ ಹೂಕುಂಡ

ಹಲಸೂರಿನ ನಮ್ಮ ಬಾಡಿಗೆ ಮನೆಯ ಮುಂದಿನ ಗಲ್ಲಿ. ದೀಪಾವಳಿ. ನೆಲದ ಮೇಲೆ ಒಂದು ಹೂಕುಂಡ ಹತ್ತಿಕೊಳ್ಳದೆ ಕೂತಿದೆ. ಯಾಕೆಂದು ನಾನು ಬಗ್ಗಿ ನೋಡುತ್ತೇನೆ. ಹಸಿರು ಕಿಡಿ, ಆಮೇಲೆ ಬರೀ ಬಿಳಿ, ಆಮೇಲೆ ಅಮ್ಮನ ಕೂಗು. ನನ್ನ ಬಲಗಣ್ಣು ಹೋದದ್ದು ಹೀಗೆ. ಈ ನೆನಪಿನಲ್ಲಿ ನಾನು ತೊಟ್ಟ ಲಂಗದ ಜರಿ ಸೊಂಟಕ್ಕೆ ಚುಚ್ಚುವುದೂ ಇದೆ.

ಇದು ನಡೆದೇ ಇಲ್ಲ.

ನಡೆದದ್ದು ನನಗೆ ನೆನಪಿಲ್ಲ. ಎರಡು ವರ್ಷ ತುಂಬುವ ಮೊದಲೇ ನನ್ನ ಕಣ್ಣಿನೊಳಗೆ ಗಡ್ಡೆ ಬೆಳೆದಿತ್ತು. ಮೊದಲು ಕಣ್ಣು ಸ್ವಲ್ಪ ವಾರೆಯಾಯಿತಂತೆ. ಮಾಲುಗಣ್ಣು ಅದೃಷ್ಟವೆಂದು ಮನೆಯವರು ಖುಷಿಪಟ್ಟರಂತೆ. ಆಮೇಲೆ ಮಬ್ಬು ಬೆಳಕಿನಲ್ಲಿ ಪಾಪೆ ಬೆಕ್ಕಿನ ಕಣ್ಣಿನ ಹಾಗೆ ಹೊಳೆಯಿತಂತೆ. ಗಡ್ಡೆ ನರ ಹಿಡಿದು ಮಿದುಳಿಗೆ ಹೋಗದಿರಲೆಂದು ಕಣ್ಣನ್ನೇ ತೆಗೆದು, ಆ ಗುಳಿಗೆ ರೇಡಿಯೇಷನ್ ಕೊಟ್ಟರು. ಅದರಿಂದ ಅಲ್ಲಿನ ಮೂಳೆ ಬೆಳೆಯಲಿಲ್ಲ. ಕೃತಕ ಕಣ್ಣಿನ ಪಕ್ಕದಲ್ಲಿ ನನ್ನ ಹಣೆ ಇಂದಿಗೂ ತಗ್ಗು. ಅಮ್ಮ ಎಲ್ಲರಿಗೂ, ನನಗೂ, ಪಟಾಕಿ ಎಂದೇ ಹೇಳುತ್ತ ಬಂದಳು. ಪಟಾಕಿ ಮೂಳೆಯನ್ನು ಹೇಗೆ ತಗ್ಗಿಸುತ್ತದೆಂದು ಯಾರೂ ಕೇಳಲಿಲ್ಲ.

ಅಮ್ಮ ನನಗೆ ನಿಜ ಹೇಳಿದ್ದು ಮದುವೆಯ ಮಾತು ಶುರುವಾದಾಗ. ಹೇಳಿದ ಕೂಡಲೇ ಮತ್ತೆ ಮುಚ್ಚಿದಳು. "ಕ್ಯಾನ್ಸರ್ ಅಂದ್ರೆ ಬಾಗಿಲು ಹಾಕ್ಕೋತಾರೆ ಕಣೇ. ಪಟಾಕಿ ಅಂದ್ರೆ ಅಯ್ಯೋ ಪಾಪ ಅಂತಾರೆ."

ಲಿಂಗರಾಜಪುರದಿಂದ ನೋಡಲು ಬಂದ ಹುಡುಗನಿಗೆ ನಾನು ಪಟಾಕಿಯ ಕಥೆಯನ್ನೇ ಹೇಳಿದೆ. ಹಸಿರು ಕಿಡಿಯನ್ನು ಸೇರಿಸಿದ್ದು ಅವತ್ತೇ ಇರಬೇಕು. ಅಥವಾ ಅದು ಮೊದಲೇ ಇತ್ತೋ, ಗೊತ್ತಿಲ್ಲ. ಕೇಳುತ್ತ ಅವನ ಕಣ್ಣು ತುಂಬಿತು. ನನಗದು ಇಷ್ಟವಾಯಿತು. ಈಗ ಬರೆಯುವಾಗ ಸುಳ್ಳಿಗಿಂತ ಆ ಇಷ್ಟಕ್ಕೇ ಹೆಚ್ಚು ನಾಚಿಕೆಯಾಗುತ್ತದೆ.

ಅವನನ್ನೇ ಮದುವೆಯಾದೆ. ಮಗಳು ಹುಟ್ಟಿದಳು. ಈ ಕಾಯಿಲೆ ಕೆಲವರಿಗೆ ಹುಟ್ಟಿನಿಂದಲೇ ಮೈಯಲ್ಲಿ ಬರೆದಿರುತ್ತದೆ, ಅಂಥವರ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಬಸುರಿಯಾಗಿದ್ದಾಗಲೇ ಫೋನಿನಲ್ಲಿ ಇಷ್ಟು ಓದಿ, ಮುಂದೆ ಓದದೆ ಮುಚ್ಚಿದ್ದೆ.

ಮುಚ್ಚದವಳು ಅಮ್ಮ. ನಮ್ಮ ಮನೆಗೆ ಬಂದಾಗಲೆಲ್ಲ ಕೋಣೆಯ ದೀಪ ಆರಿಸಿ, ಮಗುವಿನ ಮುಖಕ್ಕೆ ಮೊಬೈಲಿನ ಬೆಳಕು ಬಿಟ್ಟು ಆ ಕಡೆ ಈ ಕಡೆ ವಾಲಿ ನೋಡುತ್ತಿದ್ದಳು. ಒಮ್ಮೆ ಅತ್ತೆ ಬಾಗಿಲಿಗೆ ಬಂದರು.

"ಏನ್ ಬೀಗ್ರೇ, ಕತ್ತಲಲ್ಲಿ ಏನ್ ಮಾಡ್ತಿದೀರಿ?"

"ದೃಷ್ಟಿ ನೋಡ್ತಿದೀನಿ."

"ಉಪ್ಪು ಮೆಣಸಿನಕಾಯಿ ಕೊಡ್ಲಾ? ಟಾರ್ಚಿಗೆ ಹೋಗೋ ದೃಷ್ಟಿ ನಾನಂತೂ ಕಂಡಿಲ್ಲಪ್ಪ!"

ಎಲ್ಲರೂ ನಕ್ಕೆವು. ಅಮ್ಮ ನಕ್ಕಳು, ನಾನೂ ನಕ್ಕೆ.

ಮಗುವಿಗೆ ಮೂರು ತಿಂಗಳಾದಾಗ, ಒಂದು ಮಧ್ಯಾಹ್ನ, ಅಮ್ಮ ದೀಪ ಹಾಕದೆ ಹಾಗೇ ಕೂತಿದ್ದಳು. "ಎಡಗಣ್ಣು ಕಣೇ. ಪಕ್ಕದಿಂದ ನೋಡಿದ್ರೆ ಮಿಣುಕ್ತಿದೆ."

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, "ಮನೇಲಿ ಯಾರಿಗಾದ್ರೂ ಕಣ್ಣಲ್ಲಿ ಗಡ್ಡೆ ಆಗಿತ್ತಾ?"

"ಇಲ್ಲ ಡಾಕ್ಟ್ರೇ," ಎಂದ ನನ್ನ ಗಂಡ. "ಇವಳದು ಪಟಾಕಿ."

ಡಾಕ್ಟರು ನನ್ನ ಕಣ್ಣನ್ನು ನೋಡಲಿಲ್ಲ, ಅದರ ಪಕ್ಕದ ತಗ್ಗನ್ನು ನೋಡಿದರು. ಆ ನೋಟ ಒಂದು ಚಣ ಮೊದಲೇ ಸರಿದಿದ್ದರೆ ನಾನು ಬಾಯಿಬಿಡುತ್ತಿರಲಿಲ್ಲವೇನೋ.

"ಪಟಾಕಿ ಅಲ್ಲ," ಎಂದೆ.

ಗಂಡ ಬೈಯಲಿಲ್ಲ. ಮೆಲ್ಲಗೆ ಕೇಳಿದ: "ಹಂಗಾದ್ರೆ ಆ ಹಸಿರು ಕಿಡಿ?"



ಮಗುವಿಗೆ ಅರಿವಳಿಕೆ ಕೊಟ್ಟು ಎರಡೂ ಕಣ್ಣು ನೋಡಿದರು. ಎಡಗಣ್ಣಿನಲ್ಲಿ ಒಂದು ಗಡ್ಡೆಯಿತ್ತು, ಕಣ್ಣು ದಾಟಿ ಆಚೆ ಹೋಗಿರಲಿಲ್ಲ. ಕೀಮೋ, ಆಮೇಲೆ ಲೇಸರ್. ಜೀವಕ್ಕೆ ಹೆದರಬೇಕಿಲ್ಲ ಎಂದರು. ಕಣ್ಣು ಬಹುಶಃ ಉಳಿಯುತ್ತದೆ, ನೋಟ ಎಷ್ಟು ಉಳಿಯುತ್ತದೆಂದು ಈಗ ಹೇಳಲಾಗದು. ಹೊಸ ಗಡ್ಡೆ ಯಾವ ಕಣ್ಣಿನಲ್ಲಾದರೂ ಏಳಬಹುದು. ಕೆಲವು ವರ್ಷ ಹೀಗೇ ಮಲಗಿಸಿ ನೋಡುತ್ತಿರಬೇಕು. ದೊಡ್ಡವಳಾದ ಮೇಲೂ ಮೈಯ ಬೇರೆಡೆ ಗಡ್ಡೆಗಳ ಬಗ್ಗೆ ಎಚ್ಚರವಿರಬೇಕು. "ನೀವೂ ಅಷ್ಟೇ," ಎಂದು ನನ್ನ ಕಡೆ ತಿರುಗಿದರು. "ಸದ್ಯ, ಬೇಗ ಬಂದಿದೀರಿ."

ಬೇಗ! ಹುಟ್ಟಿದ ವಾರವೇ ಬಂದಿದ್ದರೆ ಗಡ್ಡೆ ಚುಕ್ಕೆಯಷ್ಟೇ ಇರುತ್ತಿತ್ತು, ಇಲ್ಲವೇ ಇರುತ್ತಲೇ ಇರಲಿಲ್ಲ. ಆ ಹೊಗಳಿಕೆಗೆ ನಾನು ತಲೆಯಾಡಿಸಿದೆ.

ಮನೆಗೆ ಹೊರಟ ಕ್ಯಾಬ್‌ನಲ್ಲಿ ಗಂಡ, "ನಮ್ಮಮ್ಮಂಗೆ ಇದೆಲ್ಲ ಹೇಳೋದು ಬೇಡ. ಧೂಳು ಬಿದ್ದು ಇನ್‌ಫೆಕ್ಷನ್ ಆಗಿದೆ ಅನ್ನೋಣ," ಎಂದ.

ಅವನ ಮಾತು ಮುಗಿಯುವಷ್ಟರಲ್ಲಿ ನನಗೆ ಧೂಳು ಕಂಡಿತು. ರಿಂಗ್ ರೋಡಿನಲ್ಲಿ ಮರಳಿನ ಟಿಪ್ಪರ್, ಟಾರ್ಪಾಲು ಕಟ್ಟಿಲ್ಲ, ನನ್ನ ವೇಲು ಮಗುವಿನ ಮುಖ ಮುಚ್ಚುವುದು ತಡವಾಗುತ್ತದೆ. ಮರಳಿನ ಬಣ್ಣ ಕೂಡ ಕಂಡಿತು. ಹೀಗೇ ಬಿಟ್ಟರೆ ಮಗಳು ಮುಂದೊಂದು ದಿನ ಈ ಟಿಪ್ಪರನ್ನು ನೆನಪಿಸಿಕೊಳ್ಳುತ್ತಾಳೆ. ತನ್ನ ಮಗುವಿನ ಡಾಕ್ಟರಿಗೂ ಅದನ್ನೇ ಹೇಳುತ್ತಾಳೆ.

ಬಾಗಿಲಲ್ಲಿ ಅತ್ತೆ ಮಗುವಿಗೆ ಕೈಚಾಚಿದರು. "ಏನಂದ್ರು?"

"ಅತ್ತೆ, ನನಗಾಗಿದ್ದೇ ಇವಳಿಗೂ ಆಗಿದೆ."

"ಪಟಾಕಿನಾ? ಮೂರು ತಿಂಗಳ ಕೂಸಿನ ಹತ್ರ ಯಾವನೇ ಪಟಾಕಿ ಹಚ್ಚಿದ್ದು?"

ಗಂಡ ಗೋಡೆಯ ಕಡೆ ತಿರುಗಿಕೊಂಡ. ನಾನು ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಹೊರಗೇ ನಿಂತು ಮೊದಲಿನಿಂದ ಹೇಳತೊಡಗಿದೆ. ಹೇಳುತ್ತಿರುವಾಗಲೂ ಆ ಹೂಕುಂಡ ಹಸಿರಾಗಿ ಉರಿಯುತ್ತಲೇ ಇತ್ತು.