ಕಾಕು ಕೊಟ್ಟ ನೀರಿನ ಬಟ್ಟೆ

ಮೊನ್ನೆ ಚಿದ್ರಿಯ ನನ್ನ ಮನೆಯಲ್ಲಿ ಟ್ರಂಕು ಖಾಲಿ ಮಾಡುವಾಗ ತಳದಲ್ಲಿ ದಪ್ಪನೆಯ ಬಿಳಿ ಬಟ್ಟೆಯೊಂದು ಸಿಕ್ಕಿತು. ಮೂಗಿಗೆ ಹಿಡಿದೆ. ಹಳೆಯ ಬಾವಿಯ ಪಾಚಿ ವಾಸನೆ ಇನ್ನೂ ಇತ್ತೋ, ನನ್ನ ಭ್ರಮೆಯೋ... ಭಾಲ್ಕಿಯ ಕಾಕು ಕಣ್ಣ ಮುಂದೆ ಬಂದು ಕೂತರು.

ಆಗಷ್ಟೇ ನನಗೆ ಭಾಲ್ಕಿಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಓಣಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಜೈನರ ಮನೆಯ ಹಿರಿಯಾಕೆ ಬಾಡಿಗೆಗೆ ಕೋಣೆ ಕೊಟ್ಟಿದ್ದರು. ಭಾನುವಾರ ಚರ್ಚಿಗೆ ಹೋಗುವ ನಾನು ಅವರ ಬಾವಿ ಮುಟ್ಟುವುದು ಕಾಕುವಿನ ಸೊಸೆಗೆ ಸುತರಾಂ ಹಿಡಿಸುತ್ತಿರಲಿಲ್ಲ. ಆದರೆ ಕಾಕು ಕೈ ಮುರಿದುಕೊಂಡಾಗ ಸೊಸೆ ತುಂಬು ಬಸುರಿ. ಕಾಕು ಯಾರ ಮಾತೂ ಕೇಳದೆ ನೀರಿನ ಹಗ್ಗವನ್ನು ನನ್ನ ಕೈಗೆ ಕೊಟ್ಟರು.

ಸೇದಿದ ನೀರನ್ನು ಈ ಬಿಳಿ ಬಟ್ಟೆಯಲ್ಲಿ ಸೋಸಿದರಷ್ಟೇ ಮುಗಿಯುತ್ತಿರಲಿಲ್ಲ. ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಒಂದೂ ಸಾಯದಂತೆ ಮೆಲ್ಲಗೆ ಅದೇ ಬಾವಿಗೆ ಇಳಿಸಬೇಕು. ಒಂದು ಬೆಳಿಗ್ಗೆ ಶಾಲೆಗೆ ತಡವಾಯಿತೆಂದು ಬಟ್ಟೆಯನ್ನು ಬಚ್ಚಲಿನಲ್ಲೇ ಝಾಡಿಸಿಬಿಟ್ಟೆ. ತಲೆಯೆತ್ತಿದರೆ ಕಟ್ಟೆಯ ಮೇಲೆ ಕಾಕು ನನ್ನನ್ನೇ ನೋಡುತ್ತ ಕೂತಿದ್ದರು.

ಅಷ್ಟರಲ್ಲಿ ಸೊಸೆ ಹೊರಗೆ ಬಂದಳು. "ತೊಳೆದ ನೀರು ಬಾವಿಗೇ ಬಿಟ್ಟೀರೇನ್ರಿ ಟೀಚರ್?"

"ಹೌದ್ರಿ, ಬಿಟ್ಟೇನಿ," ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು! ಆಕೆ ಅತ್ತೆಯ ಮುಖ ನೋಡಿದಳು. ಕಾಕು ಒಂದು ಮಾತು ಆಡಿದ್ದರೆ ನನ್ನ ಗಂಟುಮೂಟೆ ಬೀದಿಯಲ್ಲಿರುತ್ತಿತ್ತು.

"ನೀರಿನ ಜವಾಬ್ದಾರಿ ನಂದು. ಇವತ್ತ ನನಗ ಊಟ ಬ್ಯಾಡ," ಎಂದಷ್ಟೇ ಹೇಳಿ ಅವರು ಒಳಗೆ ಹೋದರು.

ಶಾಲೆಯಲ್ಲಿ ನಾನೂ ಬುತ್ತಿ ಬಿಚ್ಚಲಿಲ್ಲ. ಸಂಜೆ ಅವರ ಮುಂದೆ ಕೂತು ಕೇಳಿದೆ, "ನನ್ನ ತಪ್ಪಿಗೆ ನೀವ್ಯಾಕ ಉಪಾಸ ಇದ್ರಿ ಕಾಕು?"

"ಸಮ್ಯಗ್ದರ್ಶನ ಅಂತೇವಲ್ಲ, ಖರೇ ನಂಬಿಕಿ... ಬಸದ್ಯಾಗ ಕೈ ಮುಗಿದ್ರ ಅದು ಮುಗೀಲಿಲ್ಲ ತಂಗಿ. ಇನ್ನೊಬ್ಬರ ತಪ್ಪು ಓಣಿಗೆಲ್ಲಾ ಸಾರಬಾರದು, ಜಾರಿದವರನ್ನ ಹಿಡೀಬೇಕು. ನೀರಾಗ ಕಾಣದ ಜೀವ ಅದಾವಂತ ನಂಬ್ತೇನಿ. ನಿನ್ನೊಳಗ ಛಲೋದು ಅದ ಅಂತ ನಂಬದಿದ್ರ ಹ್ಯಾಂಗ?"

ಗಳಗಳನೆ ಅತ್ತುಬಿಟ್ಟೆ. ಮರುದಿನ ನಾನೇ ಹೋಗಿ ಸೊಸೆಗೆ ನಿಜ ಹೇಳಿದೆ. ಆಕೆ ಎಂಟು ದಿನ ಮಾತು ಬಿಟ್ಟಳು, ಹಗ್ಗ ಮಾತ್ರ ಕಿತ್ತುಕೊಳ್ಳಲಿಲ್ಲ. ಮುಂದೆ ಔರಾದಿಗೆ ವರ್ಗವಾದಾಗ ಕಾಕು ಈ ಬಟ್ಟೆ ಮಡಚಿ ಕೈಗಿಟ್ಟರು.

ಅವರು ಹೋಗಿ ವರ್ಷಗಳಾದವು. ಬಾವಿಯನ್ನೂ ಚಪ್ಪಡಿ ಎಳೆದು ಮುಚ್ಚಿದ್ದಾರಂತೆ. ಮೊನ್ನೆ ಆ ಬಟ್ಟೆಯನ್ನು ನಲ್ಲಿಗೆ ಕಟ್ಟಿ ಒಂದು ಕೊಡ ನೀರು ಸೋಸಿದೆ. ಆಮೇಲೆ ಬಟ್ಟೆಯನ್ನು ತೊಳೆದ ನೀರು ತಂಬಿಗೆಯಲ್ಲಿ ಹಿಡಿದು ಅಂಗಳದಲ್ಲಿ ಬಹಳ ಹೊತ್ತು ನಿಂತೆ... ಇಳಿಸಲು ಬಾವಿಯಿಲ್ಲ, ಎಲ್ಲಿಗೆ ಬಿಡಲೆಂದು ಕೇಳಲು ಕಾಕುವೂ ಇಲ್ಲ.