ಮಾವನಿಗೆ ಗದರಿದ ಆ್ಯಪ್

ಗೆಳೆಯರೇ, ಇವತ್ತು ಬೆಳಿಗ್ಗೆ ನನ್ನ ಮಾವನಿಗೆ ಒಂದು ಆ್ಯಪ್ ಗದರಿತು. ಅದೂ ಪುಣೆ ಹತ್ತಿರದ ದೇಹೂ ರೋಡ್‌ನ ಅವರದೇ ಹೋಟೆಲಿನಲ್ಲಿ, ಗಿರಾಕಿಗಳ ಎದುರು!

ಮಾವನ ಮಗಳು ಸುಮತಿಗೆ ಇಪ್ಪತ್ತಮೂರು ವರ್ಷ. ಕಲಿಕೆಯ ತೊಂದರೆ ಇದೆ, ಓದಲು ಬರುವುದಿಲ್ಲ. ಹಾಗಾಗಿ ಹೋಟೆಲಿನ ಪ್ರತಿ ಕೆಲಸವನ್ನೂ ಚಿತ್ರದಲ್ಲಿ ತೋರಿಸಿ, ಹಂತಹಂತವಾಗಿ ಹೇಳಿಕೊಡುವ ಆ್ಯಪನ್ನು ನಾನೇ ಅವಳ ಮೊಬೈಲಿಗೆ ಹಾಕಿದ್ದೆ. ಅವಳು ಹೋಟೆಲಿನಲ್ಲಿ ಕೆಲಸ ಮಾಡಬಲ್ಲಳೆಂದು ಮಾವನಿಗೆ ನಂಬಿಕೆಯಿಲ್ಲ. "ಇವತ್ತೊಂದು ದಿನ ನೋಡುವ. ಆಗದಿದ್ರೆ ನಾಳೆಯಿಂದ ಮನೆಯಲ್ಲೇ ಇರ್ಲಿ" ಎಂದಿದ್ದರು.

ಹೀಗೆಂದವರೇ ನೋಟು ಎಣಿಸಿದ ಕೈಯನ್ನು ಸೀದಾ ಇಡ್ಲಿ ಹಿಟ್ಟಿಗೆ ಹಾಕಲು ಹೋದರು. ಸುಮತಿ ಮೊಬೈಲ್ ಅಡ್ಡ ಹಿಡಿದಳು. "ಮೊದಲು ಸೋಪಿನಿಂದ ಕೈ ತೊಳೆಯಿರಿ" ಎಂದಿತು ಆ್ಯಪ್.

"ಮೂವತ್ತು ವರ್ಷದಿಂದ ಇಡ್ಲಿ ಮಾಡ್ತಾ ಇದ್ದೇನೆ ಮಾರಾಯ್ತಿ!"

"ಮೂವತ್ತು ವರ್ಷದಿಂದ ತೊಳೀಲೇ ಇಲ್ವಾ ಅಪ್ಪಾ?"

ಚಹಾ ಕುಡಿಯುತ್ತಿದ್ದ ಗಿರಾಕಿಯೊಬ್ಬರು ಲೋಟ ಕೆಳಗಿಟ್ಟು, "ಅಣ್ಣಾ, ಆಧೀ ಹಾತ್ ಧುವಾ!" ಎಂದು, ಮೊದಲು ಕೈ ತೊಳೆಯಿರಿ ಅಂತ ಮರಾಠಿಯಲ್ಲಿ ಕೂಗಿದರು. ಮಾವ ಬೇಸಿನ್ನಿಗೆ ನಡೆದರು. ಹುಡುಗಿಯನ್ನು ಇಲ್ಲೇ ಇಟ್ಟುಕೊಳ್ಳಿ ಎಂದು ಇಡೀ ಹೋಟೆಲು ಹಟ ಹಿಡಿದ ಮೇಲೆ ಸುಮತಿಯ ಕೆಲಸ ಗಟ್ಟಿಯಾಯಿತು.

ಈಗ ಮಾವ ನನ್ನನ್ನು ಮೂಲೆಗೆ ಕರೆದು, "ಆ ಕೈ ತೊಳೆಯುವ ಹಂತ ಒಂದು ತೆಗೀಲಿಕ್ಕೆ ಆಗ್ತದಾ?" ಎಂದು ಕೇಳುತ್ತಿದ್ದಾರೆ. ಆಗುತ್ತದೆ. ಆದರೆ ಅವಳ ಮೊಬೈಲಿನ ಲಾಕ್ ತೆಗೆಯಲು ಸುಮತಿಯ ಬೆರಳಚ್ಚು ಬೇಕು, ಅವಳು ಕೊಡುವುದಿಲ್ಲ.